ಮತ್ತೆ ಮತ್ತೆ ನಿಲ್ಲುವ ವ್ಯಾನು

ಕೂಲಿಯ ದರ, ಶಾಲೆಗಳ ಭವಿಷ್ಯ, ಗಡಿಯ ತಂಟೆ ಮೊದಲಾದ ಘನವಿಷಯಗಳನ್ನು ಈ ಅಂಕಣದಲ್ಲಿ ನಿರೀಕ್ಷಿಸುವ ವಾಚಕರು, ನಾವಿಂದು ಮೋಟಾರು ವ್ಯಾನಿನ ಬ್ಯಾಟರಿ, ತಂತಿ, ಕಿಡಿಗಳ ವಿಚಾರವನ್ನು ಎತ್ತಿಕೊಂಡುದನ್ನು ಕಂಡು ಹುಬ್ಬೇರಿಸಬಹುದು. ಆದರೆ ಹೋಟೆಲಿನ ಒಲೆಯ ಮುಂದೆ ನಿಂತು, ಕಚೇರಿಯ ಮೇಜಿಗೆ ಬಾಗಿ ಹತ್ತಾರು ವರ್ಷ ಕೂಡಿಸಿದ ಹಣವು ಒಂದು ವರ್ಷದೊಳಗೆ ಗ್ಯಾರೇಜಿನ ಬಿಲ್ಲುಗಳಾಗಿ ಕರಗಿಹೋಗುವುದಾದರೆ, ಅದು ಕೂಲಿಯ ದರಕ್ಕಿಂತ ಸಣ್ಣ ವಿಷಯವೆಂದು ನಾವು ಒಪ್ಪಲಾರೆವು. ಕೈಗೆ ಬಂದ ಕೂಲಿ ಕೈಯಲ್ಲಿ ಉಳಿಯುವುದೂ ಮುಖ್ಯ.

ಪರಸ್ಥಳದಲ್ಲಿರುವ ನಮ್ಮವರಿಗೆ ವ್ಯಾನು ವಿಲಾಸದ ವಸ್ತುವಲ್ಲ. ಮಾರುತಿ ಸಂಸ್ಥೆಯ ವ್ಯಾನು 1984ರಲ್ಲಿ ಮಾರುಕಟ್ಟೆಗೆ ಬಂದು, 1988ರಲ್ಲಿ ಓಮ್ನಿಯೆಂದು ನಾಮಕರಣಗೊಂಡು, 2019ರಲ್ಲಿ ತಯಾರಿಕೆ ನಿಂತುಹೋಗುವವರೆಗೆ, ಮುಂಬಯಿ ಪುಣೆಗಳ ಕನ್ನಡಿಗರ ಸಂಸಾರದೊಳಗೆ ಒಬ್ಬ ಸದಸ್ಯನಂತೆಯೇ ಇತ್ತು. ಬೆಳಗಿನ ಜಾವ ವಾಶಿಯ ಪೇಟೆಯಿಂದ ತರಕಾರಿ ತರುವುದು, ಹಗಲು ಮಕ್ಕಳನ್ನು ಶಾಲೆಗೆ ಒಯ್ಯುವುದು, ಮದುವೆಯ ಅಡಿಗೆಯ ಪಾತ್ರೆಗಳನ್ನು ಹೊರುವುದು, ಮೇ ತಿಂಗಳಲ್ಲಿ ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಂಟು ಜನರನ್ನು ತುಂಬಿಕೊಂಡು ಊರಿಗೆ ಹೋಗುವುದು, ಇಷ್ಟನ್ನೂ 796 ಸಿ.ಸಿ.ಯ ಮೂರು ಸಿಲಿಂಡರಿನ ಒಂದು ಪುಟ್ಟ ಎಂಜಿನು ಮಾಡುತ್ತಿತ್ತು. 2010ರಲ್ಲಿ ಬಂದ ಈಕೋ ಅದರ ಕೆಲಸವನ್ನು ವಹಿಸಿಕೊಂಡಿತು. ಹೊಸ ವ್ಯಾನು ಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲವಷ್ಟೆ. ಅಣ್ಣತಮ್ಮಂದಿರು ಇಬ್ಬರೋ ಮೂವರೋ ಸೇರಿ ಒಬ್ಬರ ಕೈಬಿಟ್ಟ ವ್ಯಾನನ್ನು ಕೊಳ್ಳುವುದೇ ವಾಡಿಕೆ. ಇಲ್ಲಿಂದಲೇ ಕಥೆ ಆರಂಭವಾಗುತ್ತದೆ.

ಆ ಕಥೆಯ ಸ್ವರೂಪ ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲಿಯೂ ಒಂದೇ. ಒಂದು ದಿನ ಬೆಳಿಗ್ಗೆ ಕೀಲಿ ತಿರುಗಿಸಿದರೆ 'ಸೆಲ್ಫ್' ನರಳಿ ಸುಮ್ಮನಾಗುತ್ತದೆ. ಬ್ಯಾಟರಿ ಹೋಯಿತೆಂದು ಮಿಸ್ತ್ರಿ ಹೇಳುತ್ತಾನೆ. ಹೊಸ ಬ್ಯಾಟರಿ ಬರುತ್ತದೆ. ಹದಿನೈದು ದಿನ ಸುಖ. ಆಮೇಲೆ ಸಿಗ್ನಲಿನಲ್ಲಿ ನಿಂತ ವ್ಯಾನು ಮುಂದಕ್ಕೆ ಹೋಗುವುದಿಲ್ಲ. ಈಗ ಇಗ್ನಿಷನ್ ಕಾಯಿಲಿನ ಸರದಿ. ಅದನ್ನು ಬದಲಾಯಿಸಿದ ಮೇಲೆ ಪ್ಲಗ್ಗುಗಳು, ಪ್ಲಗ್ಗುಗಳಾದ ಮೇಲೆ ಅವುಗಳ ತಂತಿ, ತಂತಿಯಾದ ಮೇಲೆ ಆಲ್ಟರ್ನೇಟರು. ವರ್ಷ ತುಂಬುವುದರೊಳಗೆ ವ್ಯಾನಿನ ವಿದ್ಯುತ್ತಿನ ಭಾಗಗಳೆಲ್ಲ ಹೊಸತಾಗಿರುತ್ತವೆ, ರೋಗ ಮಾತ್ರ ಹಳೆಯದೇ ಇರುತ್ತದೆ. ಕೊನೆಗೆ ಸಂಸಾರವು, ಈ ಗಾಡಿಗೆ ದೃಷ್ಟಿ ತಾಗಿದೆಯೆಂದು ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿ, ಅದೂ ಫಲಿಸದಿದ್ದಾಗ ಸಿಕ್ಕ ಬೆಲೆಗೆ ಇನ್ನೊಬ್ಬ ಬಡವನಿಗೆ ಮಾರಿಬಿಡುತ್ತದೆ. ರೋಗವೂ ಅವನಿಗೇ ವರ್ಗವಾಗುತ್ತದೆ.

ಇದರಲ್ಲಿ ದೋಷ ಯಾರದು? ವ್ಯಾನಿನದೆಂದು ಹೇಳುವವರುಂಟು, ಮಿಸ್ತ್ರಿಯದೆಂದು ಹೇಳುವವರುಂಟು. ನಮ್ಮ ಅಭಿಪ್ರಾಯದಲ್ಲಿ ದೋಷವಿರುವುದು ಒಂದು ಪದ್ಧತಿಯಲ್ಲಿ: ಅಳೆಯುವ ಮೊದಲೇ ಬದಲಾಯಿಸುವ ಪದ್ಧತಿಯಲ್ಲಿ. ಜ್ವರ ಬಂದ ರೋಗಿಯ ಕಂಕುಳಲ್ಲಿ ಉಷ್ಣಮಾಪಕವನ್ನಿಡದೆ ಒಂದೊಂದೇ ಔಷಧವನ್ನು ಕುಡಿಸಿ ನೋಡುವ ವೈದ್ಯನ ಬಳಿಗೆ ನಾವು ಎರಡನೆಯ ಸಲ ಹೋಗಲಾರೆವು. ಆದರೆ ವ್ಯಾನಿನ ವಿಷಯದಲ್ಲಿ ಇದನ್ನೇ ಚಿಕಿತ್ಸೆಯೆಂದು ಒಪ್ಪಿಕೊಂಡಿದ್ದೇವೆ, ಹಣವನ್ನೂ ತೆತ್ತಿದ್ದೇವೆ.

ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುವುದು ಅವಶ್ಯ. ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಉರಿಯಬೇಕಾದರೆ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಬೇಕು. ಬ್ಯಾಟರಿಯಲ್ಲಿರುವುದು 12 ವೋಲ್ಟು. ಕಿಡಿಗೆ ಬೇಕಾದುದು ಹತ್ತಿಪ್ಪತ್ತು ಸಾವಿರ ವೋಲ್ಟು. ಈ ಅಂತರವನ್ನು ತುಂಬುವುದು ಕಾಯಿಲ್. ಅದರೊಳಗೆ ದಪ್ಪ ತಂತಿಯ ಕೆಲವು ನೂರು ಸುತ್ತುಗಳೂ ಕೂದಲೆಳೆಯಂಥ ತಂತಿಯ ಸಾವಿರಾರು ಸುತ್ತುಗಳೂ ಒಂದೇ ಕಬ್ಬಿಣದ ತಿರುಳಿಗೆ ಸುತ್ತಿರುತ್ತವೆ. ದಪ್ಪ ತಂತಿಯ ವಿದ್ಯುತ್ತನ್ನು ಹಠಾತ್ತನೆ ಕಡಿದರೆ ತೆಳುವಾದ ತಂತಿಯಲ್ಲಿ ಭಾರಿ ವೋಲ್ಟು ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡುಕೊಂಡ ಪ್ರಕೃತಿನಿಯಮವಿದು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಇದನ್ನು ಬ್ಯಾಟರಿಯೊಡನೆ ಮೋಟಾರಿಗೆ ಅಳವಡಿಸಿದನು. 1912ರ ಕ್ಯಾಡಿಲಾಕ್ ಮೋಟಾರುಗಳಲ್ಲಿ ಕೈಯಿಂದ ತಿರುಗಿಸುವ ಹ್ಯಾಂಡಲನ್ನು ನಿವಾರಿಸಿದ ವಿದ್ಯುತ್ 'ಸೆಲ್ಫ್' ಕೂಡ ಆತನದೇ. ಹಳೆಯ ಗಾಡಿಗಳಲ್ಲಿ ವಿದ್ಯುತ್ತನ್ನು ಕಡಿಯುವ ಕೆಲಸ 'ಪಾಯಿಂಟು'ಗಳದಾಗಿತ್ತು. ಈಗ ಅದು ಎಲೆಕ್ಟ್ರಾನಿಕ್ ಯಂತ್ರಕ್ಕೆ ಸೇರಿದೆ. ಮೂರು ಸಿಲಿಂಡರಿನ ಎಂಜಿನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ನಿಮಿಷಕ್ಕೆ 4500 ಕಿಡಿಗಳು, ಎಂದರೆ ಸೆಕೆಂಡಿಗೆ 75 ಕಿಡಿಗಳು ಬೇಕು. ಮಧ್ಯಾಹ್ನದ ನೂಕುನುಗ್ಗಲಿನಲ್ಲಿ ದೋಸೆ ಹಾಕುವ ಭಟ್ಟರು ಈ ವೇಗವನ್ನು ಕೇಳಿದರೆ ನಕ್ಕಾರು. ಈ ಎಪ್ಪತ್ತೈದರಲ್ಲಿ ಐದಾರು ತಪ್ಪಿದರೂ ಗಾಡಿ ಮುಗ್ಗರಿಸುತ್ತದೆ.

ಇಷ್ಟು ಸೂಕ್ಷ್ಮವಾದ ವ್ಯವಸ್ಥೆಯಲ್ಲಿ ಹೆಚ್ಚು ತೊಂದರೆ ಕೊಡುವುದು ದುಬಾರಿಯ ಭಾಗವಲ್ಲ, ಬಿಟ್ಟಿಯ ಭಾಗ: ಜೋಡಣೆ. ಇದನ್ನು ನಮ್ಮ ಗುಮಾಸ್ತ ಬಂಧುಗಳು ಕಾಗದ ಪೆನ್ಸಿಲು ಹಿಡಿದು ತಾವೇ ಲೆಕ್ಕ ಹಾಕಬಹುದು. ಸೆಲ್ಫ್ ತಿರುಗುವಾಗ ಬ್ಯಾಟರಿಯಿಂದ ನೂರು ಆಂಪಿಯರಿನಷ್ಟು ವಿದ್ಯುತ್ತು ಹರಿಯುತ್ತದೆಯೆಂದು ಇಟ್ಟುಕೊಳ್ಳೋಣ. ತುಕ್ಕು ಹಿಡಿದ ಒಂದು ಜೋಡಣೆಯಲ್ಲಿ ಒಂದು ಓಮಿನ ನೂರರಲ್ಲಿ ಎರಡು ಪಾಲು, 0.02 ಓಮಿನಷ್ಟು, ತಡೆಯಿದ್ದರೆ ಸಾಕು. ಅಲ್ಲಿಯೇ 2 ವೋಲ್ಟು ನಷ್ಟವಾಗುತ್ತದೆ. ಹನ್ನೆರಡರಲ್ಲಿ ಎರಡು ಅಲ್ಲಿ ಹೋಯಿತು, ಸೆಲ್ಫಿನ ಹೊರೆಗೆ ಬ್ಯಾಟರಿಯೇ ಕುಗ್ಗಿ ಇನ್ನೆರಡು ಹೋಯಿತು. ಕಿಡಿಗೆಂದು ಉಳಿದುದು ಎಂಟು. ಎಂಟು ವೋಲ್ಟಿನಿಂದ ಕಾಯಿಲ್ ಎಷ್ಟು ಕೊಟ್ಟೀತು? ಸೆಲ್ಫ್ ಏನೋ ತಿರುಗುತ್ತದೆ, ಎಂಜಿನು ಹತ್ತುವುದಿಲ್ಲ. ಆಗ ಬಂದ ಮಿಸ್ತ್ರಿಯು ಬ್ಯಾಟರಿಯನ್ನು ಬದಲಾಯಿಸಿದರೆ, ಹೊಸ ಬ್ಯಾಟರಿಯ ಬಲದಿಂದ ಕೆಲವು ದಿನ ಗಾಡಿ ಓಡುವುದು ನಿಜ. ಅದನ್ನು ಗುಣವಾಯಿತೆಂದು ತಿಳಿಯುವುದು ಭ್ರಮೆ. ನೂರರಲ್ಲಿ ಎರಡು ಪಾಲಿನ ಆ ತಡೆ ಅಲ್ಲಿಯೇ ಕುಳಿತಿದೆ, ಬೆಳೆಯುತ್ತಲೂ ಇದೆ.

ಈ ತಡೆ ಸಾಮಾನ್ಯವಾಗಿ ಅವಿತುಕೊಳ್ಳುವುದು 'ಅರ್ತ್' ತಂತಿಯಲ್ಲಿ. ಮೋಟಾರಿನಲ್ಲಿ ವಿದ್ಯುತ್ತು ಹೋಗಲು ತಂತಿಯುಂಟು, ಮರಳಿ ಬರಲು ಗಾಡಿಯ ಕಬ್ಬಿಣದ ಮೈಯೇ ದಾರಿ. ಆ ಮೈಗೂ ಎಂಜಿನಿಗೂ ಬ್ಯಾಟರಿಯ ಋಣತುದಿಗೂ ನಡುವೆ ಒಂದೆರಡು ಪಟ್ಟಿಗಳಿರುತ್ತವೆ. ಅವುಗಳ ಬೋಲ್ಟಿನ ಕೆಳಗೆ ಬಣ್ಣವೋ ತುಕ್ಕೋ ಸೇರಿದರೆ ಮರಳುವ ವಿದ್ಯುತ್ತಿಗೆ ದಾರಿಯಿಲ್ಲ. ಮುಂಬಯಿಯ ನಾಲ್ಕು ತಿಂಗಳ ಮಳೆಯೂ ಕರಾವಳಿಯ ಉಪ್ಪುಗಾಳಿಯೂ ಈ ತುಕ್ಕಿಗೆ ಹಾಲು ಬೆಣ್ಣೆಗಳು. ದೆಹಲಿಯಲ್ಲಿರುವ ಬಂಧುವಿನ ವ್ಯಾನಿಗೆ ಹತ್ತು ವರ್ಷದಲ್ಲಿ ಬರದ ಜಾಡ್ಯ ವರ್ಸೋವಾದಲ್ಲಿರುವವನ ವ್ಯಾನಿಗೆ ನಾಲ್ಕೇ ವರ್ಷದಲ್ಲಿ ಬಂದರೆ ಆಶ್ಚರ್ಯಪಡಬೇಕಾದುದಿಲ್ಲ. ಇದನ್ನು ಪರೀಕ್ಷಿಸುವುದು ಅತಿ ಸುಲಭ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣತುದಿಗೂ ಇನ್ನೊಂದನ್ನು ಎಂಜಿನಿನ ಬರಿಯ ಲೋಹಕ್ಕೂ ತಾಗಿಸಿ ಹಿಡಿದು, ಇನ್ನೊಬ್ಬರು ಕೀಲಿ ತಿರುಗಿಸಬೇಕು. ಸೆಲ್ಫ್ ತಿರುಗುವಾಗ ಮೀಟರು ಅರ್ಧ ವೋಲ್ಟನ್ನು ಮೀರಿ ತೋರಿಸಿದರೆ ಅರ್ತ್ ಕೆಟ್ಟಿದೆಯೆಂದು ಅರ್ಥ. ಬೋಲ್ಟು ಬಿಚ್ಚಿ, ಉಪ್ಪುಕಾಗದದಿಂದ ಉಜ್ಜಿ, ಬಿಗಿದು, ಮೇಲೆ ಸ್ವಲ್ಪ ವ್ಯಾಸಲೀನು ಸವರುವುದಕ್ಕೆ ಹಿಡಿಯುವುದು ಅರ್ಧ ಗಂಟೆ. ಹೊಸ ಕಾಯಿಲಿನ ಬೆಲೆಗೆ ಇಂಥ ಒಂದು ಮೀಟರು ಬಂದು ಚಿಲ್ಲರೆಯೂ ಉಳಿದೀತು.

ಬ್ಯಾಟರಿಯ ಮಾತೂ ಹಾಗೆಯೇ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ತುಂಬಿದ ಬ್ಯಾಟರಿ 12.6 ವೋಲ್ಟು ತೋರಿಸಬೇಕು, 12.2ಕ್ಕೆ ಇಳಿದಿದ್ದರೆ ಅದು ಅರ್ಧ ಬರಿದಾಗಿದೆ. ಎಂಜಿನು ಓಡುವಾಗ 13.8ರಿಂದ 14.5ರವರೆಗೆ ಇದ್ದರೆ ಆಲ್ಟರ್ನೇಟರು ಸರಿಯಾಗಿದೆ. ಈ ಎರಡು ಅಂಕೆಗಳನ್ನು ನೋಡದೆ ಬ್ಯಾಟರಿಯನ್ನೋ ಆಲ್ಟರ್ನೇಟರನ್ನೋ ಬದಲಾಯಿಸುವುದು ತೂಗದೆ ಅಕ್ಕಿ ಕೊಂಡಂತೆ. ಹೋಟೆಲಿನ ಬಂಧುಗಳಿಗೆ ಇಲ್ಲೊಂದು ವಿಶೇಷ ತೊಡಕಿದೆ. ಅವರಿಗೆ ವಾರಕ್ಕೊಂದು ರಜೆ. ವ್ಯಾನಿಗೆ ವಾರಕ್ಕೆ ಆರು ದಿನ ರಜೆ. ಸಂಗೀತದ ಯಂತ್ರವೋ ಹಿಂಬದಿಯ ಕ್ಯಾಮೆರಾವೋ ತಪ್ಪು ತಂತಿಗೆ ಜೋಡಿಸಲ್ಪಟ್ಟು, ಕೀಲಿ ತೆಗೆದ ಮೇಲೆಯೂ ಅರ್ಧ ಆಂಪಿಯರು ಹೀರುತ್ತಿದ್ದರೆ, 35 ಆಂಪಿಯರ್-ಗಂಟೆಯ ಬ್ಯಾಟರಿ 70 ಗಂಟೆಗಳಲ್ಲಿ, ಮೂರು ದಿನದೊಳಗೆ, ಬರಿದಾಗುತ್ತದೆ. ಹಾಗೆ ಪದೇಪದೇ ಬರಿದಾದ ಬ್ಯಾಟರಿಯ ಸೀಸದ ಹಲಗೆಗಳ ಮೇಲೆ ಗಟ್ಟಿಯಾದ ಸಲ್ಫೇಟು ಕೂರುತ್ತದೆ; ಆಮೇಲೆ ಅದು ತುಂಬುವುದೇ ಇಲ್ಲ. ಗುಣಮಟ್ಟದ ಬ್ಯಾಟರಿಯೂ ಒಂದು ವರ್ಷದಲ್ಲಿ ಸತ್ತುಹೋಯಿತೆಂದು ಅಂಗಡಿಯವನೊಡನೆ ಜಗಳವಾಡುವವರು ಮೊದಲು ಈ ಅರ್ಧ ಆಂಪಿಯರನ್ನು ಹುಡುಕಬೇಕು.

ಇವೆಲ್ಲಕ್ಕಿಂತ ಕಷ್ಟವಾದುದು ಬಂದು ಹೋಗುವ ರೋಗ. ಗಾಡಿ ಘಟ್ಟ ಹತ್ತುವಾಗ ನಿಲ್ಲುತ್ತದೆ, ಅರ್ಧ ಗಂಟೆ ಬಿಟ್ಟರೆ ತಾನಾಗಿಯೇ ಹೊರಡುತ್ತದೆ, ಗ್ಯಾರೇಜಿಗೆ ಬಂದರೆ ಸಾಧುವಿನಂತೆ ನಿಲ್ಲುತ್ತದೆ. ಇದಕ್ಕೆ ಕಾರಣ ಬಹುಶಃ ಉಷ್ಣ. ಕಾಯಿಲಿನೊಳಗಿನ ಎಳೆತಂತಿಯಲ್ಲಿ ಒಂದು ಬಿರುಕಿದ್ದರೆ, ತಣ್ಣಗಿರುವಾಗ ಅದರ ಎರಡು ತುದಿಗಳು ಕೂಡಿರುತ್ತವೆ, ಬಿಸಿಯಾಗಿ ಹಿಗ್ಗಿದಾಗ ಬೇರೆಯಾಗುತ್ತವೆ. ಹೊಸ ಗಾಡಿಗಳಲ್ಲಿ ಎಂಜಿನಿನ ಸುತ್ತನ್ನು ಎಣಿಸುವ ಸೆನ್ಸರಿಗೂ ಇದೇ ಗತಿ. ವ್ಯಾನಿನಲ್ಲಿ ಎಂಜಿನಿರುವುದು ಮುಂದಿನ ಆಸನದ ಕೆಳಗೆ. ಗಾಳಿಯ ಸಂಚಾರ ಅಲ್ಲಿ ಸಾಲದು. ಎಂಟು ಜನರನ್ನೂ ಹತ್ತು ಗಂಟುಗಳನ್ನೂ ಹೊತ್ತು ಕಶೇಡಿ ಘಾಟಿಯನ್ನು ಮೇ ತಿಂಗಳ ಮಧ್ಯಾಹ್ನ ಹತ್ತುವ ಗಾಡಿಯಲ್ಲಿ ಅಲ್ಲಿನ ತಾಪವೆಷ್ಟೆಂಬುದನ್ನು ಊಹಿಸಬಹುದು. ತಣ್ಣಗಿರುವ ಗ್ಯಾರೇಜಿನಲ್ಲಿ ಈ ರೋಗ ಕಾಣುವುದಿಲ್ಲ. ಕಾಣಬೇಕಾದರೆ ಗಾಡಿಯನ್ನು ಬಿಸಿಮಾಡಿ, ನಿಂತ ಕ್ಷಣದಲ್ಲಿಯೇ ಕಿಡಿಯಿದೆಯೇ, ಪೆಟ್ರೋಲಿದೆಯೇ ಎಂದು ಪರೀಕ್ಷಿಸಬೇಕು. ಇದಕ್ಕೆ ತಾಳ್ಮೆ ಬೇಕು. ತಾಳ್ಮೆಗೆ ಯಾವ ಗ್ಯಾರೇಜಿನ ಬಿಲ್ಲಿನಲ್ಲಿಯೂ ಬೆಲೆಯಿಲ್ಲ. ರೋಗದ ಮೂಲ ಇದೇ ಎಂದು ನಾವು ಶಂಕಿಸುತ್ತೇವೆ.

ಗ್ಯಾಸಿನಿಂದ ಓಡುವ ವ್ಯಾನುಗಳ ಬಗೆಗೆ ಪ್ರತ್ಯೇಕವಾಗಿ ಹೇಳಬೇಕು. ಪೆಟ್ರೋಲಿಗಿಂತ ಸಿ.ಎನ್.ಜಿ.ಯನ್ನು ಹೊತ್ತಿಸಲು ಹೆಚ್ಚು ವೋಲ್ಟಿನ ಕಿಡಿ ಬೇಕು. ಆದುದರಿಂದ ಸವೆದ ಪ್ಲಗ್ಗು, ಸೋರುವ ತಂತಿ, ದುರ್ಬಲ ಕಾಯಿಲ್ ಇವು ಪೆಟ್ರೋಲಿನಲ್ಲಿ ಹೇಗೋ ಹೊತ್ತು ಕಳೆದರೂ ಗ್ಯಾಸಿಗೆ ತಿರುಗಿಸಿದೊಡನೆ ಸೋಲೊಪ್ಪುತ್ತವೆ. 'ಗ್ಯಾಸಿನಲ್ಲಿ ಎಳೆಯುತ್ತಿಲ್ಲ, ಕಿಟ್ಟು ಕೆಟ್ಟಿದೆ' ಎಂದು ಕಿಟ್ಟನ್ನು ಬಿಚ್ಚುವ ಮೊದಲು ಮೂರು ಪ್ಲಗ್ಗುಗಳನ್ನು ಕಳಚಿ ನೋಡುವುದು ಜಾಣತನ.

ಇನ್ನು ನಾವು ನಿಷ್ಠುರವಾಗಿ ಖಂಡಿಸಬೇಕಾದ ಒಂದು ಚಪಲವಿದೆ. ರಾತ್ರಿಯ ಪ್ರಯಾಣಕ್ಕೆಂದು ಮುಂದಿನ ದೀಪಗಳಿಗೆ 55 ವಾಟಿನ ಬಲ್ಬು ತೆಗೆದು 100 ವಾಟಿನದನ್ನು ಹಾಕಿಸುವುದು. ಎರಡು ದೀಪಗಳಿಗೆ ಒಂಬತ್ತು ಆಂಪಿಯರು ಸಾಕಾಗಿದ್ದಲ್ಲಿ ಈಗ ಹದಿನೇಳು ಆಂಪಿಯರು ಹರಿಯುತ್ತದೆ. ತಂತಿ ಅದೇ, ಸ್ವಿಚ್ಚು ಅದೇ. ಸ್ವಿಚ್ಚು ಕರಗುತ್ತದೆ, ಫ್ಯೂಸು ಹಾರುತ್ತದೆ. ಹಾರಿದ ಫ್ಯೂಸಿನ ಜಾಗದಲ್ಲಿ ತಾಮ್ರದ ತಂತಿಯನ್ನೋ ಸಿಗರೇಟಿನ ಬೆಳ್ಳಿಕಾಗದವನ್ನೋ ಇಟ್ಟು 'ಇನ್ನು ಹಾರುವುದಿಲ್ಲ' ಎಂದು ಹೆಮ್ಮೆಪಡುವ ಮಹಾಶಯರಿದ್ದಾರೆ. ಫ್ಯೂಸು ಹಾರುವುದಿಲ್ಲ ನಿಜ, ಗಾಡಿ ಹೊತ್ತಿಕೊಳ್ಳುತ್ತದೆ. ಆಸನದ ಕೆಳಗೆ ಎಂಜಿನು, ಹಿಂದೆ ಗ್ಯಾಸಿನ ಸಿಲಿಂಡರು, ನಡುವೆ ಮಕ್ಕಳು. ಈ ಮೂರನ್ನು ಒಟ್ಟಿಗೆ ಎಣಿಸಿದ ಮೇಲೂ ಬೆಳ್ಳಿಕಾಗದವನ್ನು ಸಮರ್ಥಿಸುವವರೊಡನೆ ನಮಗೆ ವಾದವಿಲ್ಲ.

ಮಿಸ್ತ್ರಿಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಗ್ಯಾರೇಜಿನ ಎಣ್ಣೆಯಲ್ಲಿ ಕೈ ಅದ್ದಿದ ಹುಡುಗನೂ ಹೋಟೆಲಿನಲ್ಲಿ ಲೋಟ ತೊಳೆಯುತ್ತ ಬೆಳೆದ ನಮ್ಮ ಮಾಣಿಯೂ ಒಂದೇ ಶಾಲೆಯವರು. ಇಬ್ಬರೂ ಹೊಟ್ಟೆಪಾಡಿಗಾಗಿ ಊರು ಬಿಟ್ಟವರು, ಇಬ್ಬರೂ ಕಣ್ಣಿನಿಂದ ನೋಡಿ ಕೈಯಿಂದ ಕಲಿತವರು. ಕಿವಿಗೊಟ್ಟು ಎಂಜಿನಿನ ಶಬ್ದ ಕೇಳಿ ವಾಲ್ವಿನ ದೋಷವನ್ನು ಹೇಳಬಲ್ಲ ಮಿಸ್ತ್ರಿಗಳಿದ್ದಾರೆ, ಅವರ ವಿದ್ಯೆಗೆ ನಾವು ತಲೆಬಾಗುತ್ತೇವೆ. ಆದರೆ ವಿದ್ಯುತ್ತು ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕೇಳುವುದಿಲ್ಲ. ಅದನ್ನು ಕಾಣಿಸುವ ಕಣ್ಣು ಮೀಟರು. ಆ ಮೀಟರಿನ ಅಂಕೆಯ ಅರ್ಥವೇನೆಂದು ಅವನಿಗೆ ಯಾರೂ ಕಲಿಸಲಿಲ್ಲ. ಹೊಸ ಗಾಡಿಗಳಿಗೆ ಕಂಪ್ಯೂಟರು ಜೋಡಿಸಿ ದೋಷದ ಸಂಖ್ಯೆಯನ್ನು ಓದುವ ಪರಿಪಾಠ ಬಂದಮೇಲೂ ಪರಿಸ್ಥಿತಿ ಸುಧಾರಿಸಿಲ್ಲ. 'ಪಿ 0301' ಎಂದು ಯಂತ್ರ ಹೇಳಿದರೆ ಒಂದನೆಯ ಸಿಲಿಂಡರಿನಲ್ಲಿ ಉರಿ ತಪ್ಪುತ್ತಿದೆಯೆಂದಷ್ಟೇ ಅರ್ಥ. ಅದು ಪ್ಲಗ್ಗಿನಿಂದಲೋ, ಕಾಯಿಲಿನಿಂದಲೋ, ತಂತಿಯಿಂದಲೋ, ಪೆಟ್ರೋಲು ಸಾಲದೆಯೋ ಎಂಬುದನ್ನು ಮನುಷ್ಯನೇ ಹುಡುಕಬೇಕು. ಸಂಖ್ಯೆಯನ್ನು ಓದಿ ಕಾಯಿಲನ್ನು ಮಾರುವವನು ಓದುಬರಹ ಬಲ್ಲ ಹಳೆಯ ಮಿಸ್ತ್ರಿ, ಅಷ್ಟೆ.

ತಯಾರಕರ ಹೊಣೆಯನ್ನು ಮರೆಯುವಂತಿಲ್ಲ. ಕೆಲವೊಮ್ಮೆ ದೋಷವು ಗಾಡಿಯೊಡನೆಯೇ ಹುಟ್ಟಿರುತ್ತದೆ. ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯ ಇಗ್ನಿಷನ್ ಸ್ವಿಚ್ಚಿನ ಪ್ರಕರಣವನ್ನು ಯಂತ್ರದ ಗಂಧವಿಲ್ಲದವರೂ ತಿಳಿದಿರಬೇಕು. ಆ ಸ್ವಿಚ್ಚಿನೊಳಗಿನ ಸ್ಪ್ರಿಂಗು ಎಷ್ಟು ಸಡಿಲವಾಗಿತ್ತೆಂದರೆ, ಕೀಲಿಗೊಂಚಲಿನ ಭಾರಕ್ಕೋ ರಸ್ತೆಯ ಕುಲುಕಾಟಕ್ಕೋ ಕೀಲಿ ತಾನಾಗಿ ತಿರುಗಿ, ಓಡುವ ಗಾಡಿಯ ಎಂಜಿನು ಆರಿಹೋಗುತ್ತಿತ್ತು. ಅಪಘಾತದಲ್ಲಿ ಪ್ರಾಣ ಕಾಯಬೇಕಾದ ಗಾಳಿಚೀಲವೂ ಉಬ್ಬುತ್ತಿರಲಿಲ್ಲ. 2006ರಲ್ಲಿ ಆ ಬಿಡಿಭಾಗವನ್ನು ಸದ್ದಿಲ್ಲದೆ ತಿದ್ದಲಾಯಿತು. ಅದರ ಸಂಖ್ಯೆಯನ್ನು ಮಾತ್ರ ಬದಲಾಯಿಸಲಿಲ್ಲ. ಹಳೆಯ ಸ್ವಿಚ್ಚಿರುವ ಗಾಡಿಗಳನ್ನು ಹಿಂದಕ್ಕೆ ಕರೆದದ್ದು 2014ರಲ್ಲಿ, ಸುಮಾರು 26 ಲಕ್ಷ ಗಾಡಿಗಳನ್ನು. ಸಂಸ್ಥೆಯೇ ಏರ್ಪಡಿಸಿದ ಪರಿಹಾರನಿಧಿ 124 ಸಾವುಗಳನ್ನು ಅಂಗೀಕರಿಸಿತು. ಅದೇ 2014ರಲ್ಲಿ ಕ್ರೈಸ್ಲರ್ ಸಂಸ್ಥೆಯೂ ಇಂಥದೇ ಕೀಲಿಯ ದೋಷಕ್ಕಾಗಿ ಸಂಸಾರಸ್ಥರ ಮಿನಿವ್ಯಾನುಗಳನ್ನು ದೊಡ್ಡ ಸಂಖ್ಯೆಯಲ್ಲಿ ಹಿಂದಕ್ಕೆ ಕರೆಯಬೇಕಾಯಿತು. ನಮ್ಮ ಗಾಡಿಗಳಲ್ಲಿ ಅದೇ ದೋಷವಿದೆಯೆಂದು ನಾವು ಹೇಳುತ್ತಿಲ್ಲ. ಆದರೆ ಹೋಟೆಲಿನ ಕೋಣೆ, ಮನೆ, ಕಪಾಟು, ಸೈಕಲ್ಲು ಎಲ್ಲದರ ಕೀಲಿಗಳನ್ನೂ ಒಂದೇ ಗೊಂಚಲಾಗಿ ಇಗ್ನಿಷನ್ನಿನಲ್ಲಿ ತೂಗುಹಾಕುವ ನಮ್ಮ ಅಭ್ಯಾಸ ಯಾವ ಸ್ವಿಚ್ಚಿಗೂ ಹಿತವಲ್ಲ.

ನಮ್ಮ ದೇಶದಲ್ಲಿ 2012ರಿಂದ ತಯಾರಕರು ಸ್ವಯಂಪ್ರೇರಿತರಾಗಿ ಗಾಡಿಗಳನ್ನು ಹಿಂದಕ್ಕೆ ಕರೆಯುವ ಕ್ರಮವಿತ್ತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯು ಸರಕಾರಕ್ಕೆ ಹಾಗೆ ಆಜ್ಞಾಪಿಸುವ ಅಧಿಕಾರವನ್ನು ಕೊಟ್ಟಿತು; ನಿಯಮಗಳು 2021ರ ಏಪ್ರಿಲಿನಿಂದ ಜಾರಿಗೆ ಬಂದವು. ಏಳು ವರ್ಷ ಮೀರದ ಗಾಡಿಗಳಿಗೆ ಮಾತ್ರ ಅದು ಅನ್ವಯಿಸುತ್ತದೆ. ನಮ್ಮವರು ಕೊಳ್ಳುವುದು ಏಳು ವರ್ಷ ಮೀರಿದ ಗಾಡಿಯನ್ನೇ ಎಂಬ ಮಾತು ಕಾಯಿದೆ ಬರೆದವರ ಗಮನಕ್ಕೆ ಬಂದಂತಿಲ್ಲ. 2022ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆಯು 'ದುರಸ್ತಿಯ ಹಕ್ಕು' ಎಂಬ ಹೆಸರಿನಲ್ಲಿ ಒಂದು ಜಾಲತಾಣವನ್ನು ತೆರೆದು, ಮೋಟಾರು ತಯಾರಕರನ್ನೂ ಅದರ ವ್ಯಾಪ್ತಿಗೆ ತಂದಿತು. ಸ್ವಾಗತಾರ್ಹ ಕ್ರಮವೇ ಸರಿ. ಆದರೆ ಬೀದಿಯ ಮಿಸ್ತ್ರಿಯ ಕೈಗೆ ವಿದ್ಯುತ್ ತಂತಿಗಳ ನಕ್ಷೆ ಸುಲಭವಾಗಿ ಸಿಗುವವರೆಗೆ, ಅದೂ ಅವನು ಓದಬಲ್ಲ ಭಾಷೆಯಲ್ಲಿ ಸಿಗುವವರೆಗೆ, ಅದು ಕಾಗದದ ಹಕ್ಕಾಗಿಯೇ ಉಳಿಯುತ್ತದೆ. ಇಪ್ಪತ್ತು ವರ್ಷ ಹಳೆಯ ಗಾಡಿಯ ನಕ್ಷೆಯನ್ನು ಗುಟ್ಟಾಗಿಡುವುದರಿಂದ ತಯಾರಕರಿಗೆ ದೊರೆಯುವ ಲಾಭವೇನೆಂಬುದು ನಮಗೆ ತಿಳಿಯದು.

ಸರಕಾರವನ್ನೂ ತಯಾರಕರನ್ನೂ ಕಾಯುತ್ತ ಕೂರಬೇಕಾಗಿಲ್ಲ. ಗಲ್ಲೆಯ ಮೇಲೆ ಕುಳಿತು ಪೈಸೆ ಪೈಸೆಯ ಜಮಾಖರ್ಚು ಬರೆಯುವ ಕೈ ನಮ್ಮದು. ಬ್ಯಾಂಕಿನ ಕಡತಗಳಲ್ಲಿ ಒಂದು ರೂಪಾಯಿಯ ವ್ಯತ್ಯಾಸಕ್ಕಾಗಿ ರಾತ್ರಿ ಹತ್ತರವರೆಗೆ ಕೂತು ಹುಡುಕುವ ಕಣ್ಣು ನಮ್ಮದು. ಇದೇ ಕೈ ಕಣ್ಣುಗಳು ಮನೆಯ ವ್ಯಾನಿಗೆ ಒಂದು ಲೆಕ್ಕದ ಪುಸ್ತಕವನ್ನಿಡದಿರುವುದು ಸೋಜಿಗ. ಗಾಡಿ ನಿಂತಿತೆಂದರೆ ದಿನಾಂಕ, ಹೊತ್ತು, ಮಳೆಯೋ ಬಿಸಿಲೋ, ಎಷ್ಟು ಮೈಲಿ ಓಡಿದ ಮೇಲೆ, ದೀಪಗಳು ಉರಿಯುತ್ತಿದ್ದುವೇ, ಪೆಟ್ರೋಲೋ ಗ್ಯಾಸೋ, ಎಷ್ಟು ಹೊತ್ತಿಗೆ ಮತ್ತೆ ಹೊರಟಿತು ಎಂದು ಬರೆದಿಡಬೇಕು. ಎದುರಿನ ಪುಟದಲ್ಲಿ ಬದಲಾಯಿಸಿದ ಭಾಗ, ಬೆಲೆ, ಅದನ್ನು ಬದಲಾಯಿಸುವ ಮೊದಲು ಮೀಟರು ತೋರಿಸಿದ ಅಂಕೆ. ಇಂಥ ಐದಾರು ದಾಖಲೆಗಳು ಸೇರಿದರೆ ರೋಗ ತನ್ನ ಹೆಸರನ್ನು ತಾನೇ ಹೇಳುತ್ತದೆ. ಮಳೆಯಲ್ಲಿ ಮಾತ್ರ ನಿಲ್ಲುವುದು ತೇವಕ್ಕೆ ಸೋರುವ ತಂತಿ; ಬಿಸಿಯಲ್ಲಿ ಮಾತ್ರ ನಿಲ್ಲುವುದು ಕಾಯಿಲೋ ಸೆನ್ಸರೋ; ರಜೆಯ ಬೆಳಿಗ್ಗೆ ಮಾತ್ರ ಮುಷ್ಕರ ಹೂಡುವುದು ಬ್ಯಾಟರಿಯನ್ನು ಹೀರುವ ಕಳ್ಳ. ಮೂರನೆಯ ಅಂಕಣವನ್ನು ತುಂಬಿಸಲು ಒಪ್ಪದ ಗ್ಯಾರೇಜಿಗೆ ಹೋಗದಿರುವುದೇ ಲೇಸು. ಕಳಚಿದ ಹಳೆಯ ಭಾಗವನ್ನು ಕೇಳಿ ಪಡೆಯಬೇಕು, ಬರೆದ ಬಿಲ್ಲನ್ನು ಕೇಳಿ ಪಡೆಯಬೇಕು. ಬಿಲ್ಲಿಲ್ಲದೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟರೂ ಅಲ್ಲಿಯವರು ತಾನೇ ಏನು ಮಾಡಿಯಾರು?

ನಮ್ಮ ಸಂಘಸಂಸ್ಥೆಗಳಿಗೂ ಒಂದು ಮಾತು. ಹಗಲು ಲೋಟ ತೊಳೆದ ಹುಡುಗರಿಗೆ ರಾತ್ರಿ ಅಕ್ಷರ ಕಲಿಸಿದ ಕನ್ನಡ ರಾತ್ರಿಶಾಲೆಗಳ ಪರಂಪರೆ ಮುಂಬಯಿಯದು. ಆ ಶಾಲೆಗಳಲ್ಲಿ ಓದಿ ಗುಮಾಸ್ತರಾದವರು, ಮಾಲಕರಾದವರು, ವಕೀಲರಾದವರು ಎಷ್ಟೋ ಮಂದಿ. ಸನ್ಮಾನ, ಶಾಲುಹಾರ, ಭೋಜನಗಳಿಗೆ ಹಣವಿರುವ ಸಂಘಗಳು ವರ್ಷದಲ್ಲಿ ಆರು ತರಗತಿಗಳ ಒಂದು ಪಾಠವನ್ನು ಏರ್ಪಡಿಸಬಾರದೇಕೆ? ಮೇಜಿನ ಮೇಲೆ ಒಂದು ಬ್ಯಾಟರಿ, ಒಂದು ಕಾಯಿಲ್, ಮೂರು ಪ್ಲಗ್ಗು, ಒಂದು ಮೀಟರು, ಕಲಿಸಲು ಐ.ಟಿ.ಐ.ಯಲ್ಲಿ ಪಾಠ ಹೇಳಿದ ಅನುಭವವಿರುವ ಒಬ್ಬ ಕನ್ನಡಿಗ. ಗಾಡಿಯುಳ್ಳವರು ಮಾತ್ರವಲ್ಲ, ಹೋಟೆಲಿನ ವ್ಯಾನು ಓಡಿಸುವ ಹುಡುಗರೂ, ಗ್ಯಾರೇಜಿನಲ್ಲಿರುವ ನಮ್ಮ ಮಿಸ್ತ್ರಿಗಳೂ ಬರಬೇಕು. ಮಿಸ್ತ್ರಿಗಳಿಂದ ಶುಲ್ಕ ತೆಗೆದುಕೊಳ್ಳಕೂಡದು. ವ್ಯಾನು ಓಡಿಸಿ ಮನೆ ನಡೆಸುವ ಹೆಂಗಸರೂ ನಮ್ಮಲ್ಲಿದ್ದಾರೆ. ಅವರನ್ನು ಹೆಸರು ಹಿಡಿದು ಕರೆಯಬೇಕು, ಇಲ್ಲವಾದರೆ ಇದು ತಮಗಲ್ಲವೆಂದು ಅವರು ಹೊರಗೇ ಉಳಿದಾರು. ತರಗತಿಗಳು ಮಳೆಗಾಲಕ್ಕೆ ಮೊದಲೇ ಮುಗಿದರೆ ಒಳಿತು, ಏಕೆಂದರೆ ಅರ್ತ್ ಬೋಲ್ಟುಗಳನ್ನು ಬಿಚ್ಚಿ ಉಜ್ಜುವ ಕಾಲ ಅದೇ. ಹೋಟೆಲಿನವರಿಗೆ ಬಿಡುವಿರುವುದು ಮಧ್ಯಾಹ್ನ 3ರಿಂದ 5ರವರೆಗೆ, ಗುಮಾಸ್ತರಿಗೆ ರಾತ್ರಿ 8ರ ಮೇಲೆ. ಆದುದರಿಂದ ಒಂದೇ ಪಾಠವನ್ನು ದಿನಕ್ಕೆ ಎರಡು ಸಲ ಹೇಳಬೇಕಾದೀತು.